ಯಾರು ಆ ಇಪ್ಪತ್ತು ಮಂದಿ?

ಆಫೀಸಿನಲ್ಲಿ ಎಲ್ಲರಿಗೂ ಅವಳು ಕತ್ತರಿ ಅಕ್ಕ. ಡೇಟಾಬೇಸಿಗೆ ಬರುವ ಪ್ರಶ್ನೆಗಳನ್ನು ಯಂತ್ರಕ್ಕೆ ತಿಳಿಯುವ ಕೆಲಸವಾಗಿ ಬದಲಿಸುವ ಕಂಪೈಲರ್ ಅವಳ ಕೈಯಲ್ಲಿತ್ತು. ಅದರಲ್ಲಿ ದಂಡದ ಕೆಲಸವನ್ನು ಕತ್ತರಿಸಿ ಹಾಕುವುದರಲ್ಲಿ ಅವಳದು ಎತ್ತಿದ ಕೈ. ಕಾಲೇಜಿನ ಮೆಟ್ಟಿಲು ಹತ್ತದೆ, ಹಳೆಯ ಕೈಪಿಡಿ ಓದಿ ಕಲಿತವಳು.

ಒಂದು ಬೆಳಿಗ್ಗೆ ಕಣ್ಣಾಸ್ಪತ್ರೆಯ ಗುಮಾಸ್ತರು ಫೋನು ಮಾಡಿದರು.

"ಅಕ್ಕಾ, ಹೆಚ್ಚು ದಿನ ಕಾದ ಇಪ್ಪತ್ತು ಜನರ ಪಟ್ಟಿಯನ್ನ ನಿಮ್ಮ ಡೇಟಾಬೇಸಿಂದ ತೆಗೆದು ವಾರಕ್ಕೊಮ್ಮೆ ಆಪರೇಷನ್‌ಗೆ ಕರೀತೀವಲ್ಲ? ಗಡಿಯಾರ ರಿಪೇರಿಯವರೊಬ್ಬರು ಹನ್ನೊಂದು ತಿಂಗಳಿಂದ ಕಾಯ್ತಿದ್ದಾರೆ. ಮೊನ್ನೆ ಸೇರಿದವರಿಗೆಲ್ಲ ಕರೆ ಹೋಯ್ತು, ಇವರ ಹೆಸರೇ ಇಲ್ಲ. ಇನ್ನೊಂದು ಕಣ್ಣೂ ಮಂಜಾಗ್ತಿದೆಯಂತೆ."

ಆಸ್ಪತ್ರೆಯವರು ಕೇಳುವ ಅದೇ ಪ್ರಶ್ನೆಯನ್ನು ಅವಳು ಪರೀಕ್ಷೆಗೆಂದು ತುಂಬಿಟ್ಟ ಪಟ್ಟಿಯಿದ್ದ ತನ್ನ ಯಂತ್ರಕ್ಕೆ ಕೊಟ್ಟಳು. ಉತ್ತರ ಸರಿಯಾಗಿಯೇ ಬಂತು. ಹತ್ತು ಸಲ ಕೊಟ್ಟರೂ ಸರಿ. ತಲೆಬುಡ ತಿಳಿಯಲಿಲ್ಲ.

"ಆಸ್ಪತ್ರೆಯವರೇ ಎಡವಟ್ಟು ಮಾಡಿರ್ತಾರೆ, ಬಿಡಮ್ಮ," ಎಂದರು ಮ್ಯಾನೇಜರ್. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ದೊಡ್ಡ ಕುರ್ಚಿಗಳ ಹಳೇ ಚಾಳಿ.

"ಏನು ಎಡವಟ್ಟು ಅಂತ ತೋರಿಸಿ ಸರ್, ಬಿಡ್ತೀನಿ."

ಊಟದ ಡಬ್ಬಿ ತೆರೆಯದೆಯೇ ಮಧ್ಯಾಹ್ನವಾಯಿತು. ಏನೂ ತೋಚದೆ ಗುಮಾಸ್ತರನ್ನೇ ಕೇಳಿದಳು: "ಹೆಸರುಗಳನ್ನ ಯಾವ ಕ್ರಮದಲ್ಲಿ ತುಂಬಿಸ್ತೀರಿ?"

"ಕ್ರಮ ಎಲ್ಲಿಂದ ಬಂತಕ್ಕ? ಚೀಟಿಗಳ ರಾಶಿ ಬರುತ್ತೆ. ಕೈಗೆ ಸಿಕ್ಕಿದ್ದು ಮೊದಲು."

ತನ್ನ ಪರೀಕ್ಷೆಯ ಪಟ್ಟಿಯನ್ನು ಅವಳು ತಾರೀಖಿನ ಕ್ರಮದಲ್ಲೇ ತುಂಬಿದ್ದಳು! ಅದನ್ನು ಕಲಸಿ ಮತ್ತೆ ಪ್ರಶ್ನೆ ಕೊಟ್ಟಳು. ಈಗ ಉತ್ತರ ಚೆಲ್ಲಾಪಿಲ್ಲಿ.

ಎರಡು ತಿಂಗಳ ಹಿಂದೆ ಅವಳೇ ಒಂದು ನಿಯಮ ಬರೆದಿದ್ದಳು: ಪ್ರಶ್ನೆಯೊಳಗೊಂದು ಪ್ರಶ್ನೆಯಿದ್ದು, ಒಳಗಿನದು ಸಾಲುಗಳನ್ನು ವಿಂಗಡಿಸು ಎಂದರೆ ಆ ಮಾತನ್ನು ಬಿಟ್ಟುಬಿಡು, ಹೊರಗಿನದು ಹೇಗೂ ಕಲಸುತ್ತದೆ. ವೇಗ ಹೆಚ್ಚಿತೆಂದು ಚಪ್ಪಾಳೆಯೂ ಸಿಕ್ಕಿತ್ತು. ಆದರೆ ಆಸ್ಪತ್ರೆಯ ಒಳಪ್ರಶ್ನೆ "ವಿಂಗಡಿಸಿ, ಮೊದಲ ಇಪ್ಪತ್ತು ಕೊಡು" ಎನ್ನುತ್ತಿತ್ತು. ಹೊರಗಿನದು ಅವರ ಫೋನ್ ನಂಬರ್ ಜೋಡಿಸುತ್ತಿತ್ತು. ಕಂಪೈಲರ್ ವಿಂಗಡಣೆಯನ್ನು ಎಸೆದು ಇಪ್ಪತ್ತನ್ನು ಮಾತ್ರ ಉಳಿಸಿಕೊಂಡಿತ್ತು. ಸಿಕ್ಕ ಸಿಕ್ಕ ಇಪ್ಪತ್ತು.

'ಮೊದಲ ಇಷ್ಟು ಮಾತ್ರ' ಎಂಬ ಮಿತಿ ಇದ್ದಲ್ಲಿ ವಿಂಗಡಣೆಯನ್ನು ಮುಟ್ಟಬಾರದೆಂದು ಸಂಜೆಯೊಳಗೆ ತಿದ್ದಿದಳು. "ತಿದ್ದುಪಡಿಗೆ 'ಸಣ್ಣ ಸುಧಾರಣೆ' ಅಂತ ಬರೆದು ಕಳಿಸು," ಎಂದರು ಮ್ಯಾನೇಜರ್. ಅವಳು ಬರೆದದ್ದು: "ಎಂಟು ವಾರಗಳ ಪಟ್ಟಿ ತಪ್ಪು. ತಪ್ಪು ನನ್ನದು."

ಗುಮಾಸ್ತರು ಮತ್ತೆ ಫೋನು ಮಾಡಿದರು. "ಬಂತಕ್ಕ, ಗಡಿಯಾರದವರದೇ ಮೊದಲ ಹೆಸರು! ಇಲ್ಲೇ ಕೂತಿದ್ದಾರೆ. ಇಷ್ಟು ದಿನ ಯಾಕೆ ಬಿಟ್ರಿ ಅಂತಾರೆ, ಏನು ಹೇಳ್ಲಿ?"

"ಫೋನು ಅವರಿಗೇ ಕೊಡಿ," ಎಂದಳು.