ನಾನು ಬರೆದ ನಡತೆ ಪತ್ರ

ಭಾನುವಾರ ಬೆಳಗ್ಗೆ ಎಂಟಕ್ಕೆ ಕಪಾಟು ಒರೆಸುತ್ತೇನೆ. ಮೊನ್ನೆ ಒರೆಸುವಾಗ ಹಳೆಯ ಸ್ಟ್ಯಾಂಪ್ ಪ್ಯಾಡ್ ಸಿಕ್ಕಿತು. ಮುಚ್ಚಳ ತೆಗೆದೆ. ನೇರಳೆ ಮಸಿ ಒಣಗಿತ್ತು, ವಾಸನೆ ಹೋಗಿರಲಿಲ್ಲ. ಪಕ್ಕದ ಮನೆಯವನು ನೆನಪಾದ...

ಅವನು ಕಳಸದಿಂದ ಹೊರನಾಡಿಗೆ ಜೀಪು ಓಡಿಸುತ್ತಿದ್ದ. ಜೊತೆಗಿದ್ದವಳು ನರ್ಸ್. ಮದುವೆಯಾಗಿರಲಿಲ್ಲ, ಅವಳ ಮುಂದಿನ ಓದು ಮುಗಿಯಲಿ ಎಂದು ಇಬ್ಬರೂ ಕಾಯುತ್ತಿದ್ದರು. ಮೂವತ್ತು ವರ್ಷ ಎಸ್ಟೇಟಿನಲ್ಲಿ ರೈಟರ್ ಆಗಿ ಹಾಜರಿ ಬರೆದ ನನಗೆ ಅದು ಸರಿ ಕಾಣಲಿಲ್ಲ. ಆದರೂ ಎರಡು ವರ್ಷ ಗೋಡೆಯಾಚೆ ಇದ್ದರು. ಬೆಳಗ್ಗೆ ಆರಕ್ಕೆ ಅವಳ ದನಿ: "ಏಳು ಮಾರಾಯ, ಜೀಪು ತಾನಾಗೇ ಹೋಗಲ್ಲ." ಮಳೆಗಾಲಕ್ಕೆ ಇಬ್ಬರಿಗೂ ಒಂದೇ ಕೊಡೆ.

ಅವಳು ಓದಲು ವಿದೇಶಕ್ಕೆ ಹೋದಳು. ಮದುವೆಯಾಗದಿದ್ದರೂ ಒಟ್ಟಿಗೆ ಬಾಳಿದ್ದನ್ನು ತೋರಿಸಿದರೆ ಜೊತೆಗಾರನನ್ನು ಅಲ್ಲಿಗೆ ಕರೆಸಿಕೊಳ್ಳಬಹುದಂತೆ. ಬಾಡಿಗೆ ಕರಾರು ಅವಳೊಬ್ಬಳ ಹೆಸರಿನಲ್ಲಿತ್ತು. ಕಣ್ಣಾರೆ ಕಂಡ ನೆರೆಯವರ ಪತ್ರ ಬೇಕಾಯಿತು. ಅವನು ನನ್ನ ಬಾಗಿಲಿಗೆ ಬಂದ.

"ಒಂದೇ ಮನೇಲಿ ಗಂಡ-ಹೆಂಡ್ತಿ ಥರ ಇದ್ವಿ ಅಂತ ಬರ್ದುಕೊಡಿ ಸರ್. ನೀವು ಕಂಡಿದ್ದೇ ಅಲ್ವಾ."

ಮೇಜಿಗೆ ಕೂತೆ. ಮದುವೆಯಾಗದ ಹೆಣ್ಣುಮಗಳ ಬಗ್ಗೆ ಹಾಗೆ ಬರೆದು ರುಜು ಹಾಕಲು ಕೈ ಬರಲಿಲ್ಲ. ಅವಳ ಮಾನ ಉಳಿಸಬೇಕೆಂದುಕೊಂಡೆ. ಚೊಕ್ಕ ಇಂಗ್ಲಿಷಿನಲ್ಲಿ ಬರೆದೆ: ಇಬ್ಬರೂ ಬೇರೆ ಬೇರೆ ಕೋಣೆಗಳಲ್ಲಿದ್ದರು, ಅಣ್ಣ-ತಂಗಿಯರಂತೆ ನಡೆದುಕೊಂಡರು, ನಡತೆ ಉತ್ತಮ. ನಡತೆ ಪತ್ರವನ್ನು ಒಯ್ಯುವವರು ಒಡೆದು ಓದುವುದಿಲ್ಲ. ಎಸ್ಟೇಟಿನ ಪದ್ಧತಿ ಅದು. ಲಕೋಟೆ ಅಂಟಿಸಿ, ನನ್ನ ಮೊಹರು ಒತ್ತಿ, ಹಾಗೆಯೇ ಕೊಡು ಎಂದೆ. ಅವನು ವೀಸಾ ಅರ್ಜಿಯ ಜೊತೆ ಹಾಗೆಯೇ ಕೊಟ್ಟ.

ಮೂರು ತಿಂಗಳಿಗೆ ಉತ್ತರ ಬಂತು. ಇಬ್ಬರ ನಡುವೆ ಸಂಬಂಧವಿರಲಿಲ್ಲವೆಂದು ನೆರೆಯವರೇ ಬರೆದಿದ್ದಾರೆ, ಅರ್ಜಿ ತಿರಸ್ಕರಿಸಲಾಗಿದೆ ಎಂದಿತ್ತು. ಅವನು ಆ ಹಾಳೆಯನ್ನು ನನ್ನ ಮೇಜಿನ ಮೇಲಿಟ್ಟ. ಬೇರೆ ಪತ್ರ ಬರೆದುಕೊಡುತ್ತೇನೆ ಎಂದೆ.

"ಈಗ ಯಾವ್ದನ್ನ ನಂಬ್ತಾರೆ ಸರ್."

ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ...

ಗೋಡೆಯಾಚೆ ದಿನಾ ಕೇಳುತ್ತಿದ್ದ ಫೋನಿನ ಮಾತು ವಾರಕ್ಕೊಮ್ಮೆಯಾಯಿತು, ಆಮೇಲೆ ನಿಂತಿತು. ಅವಳು ಅಲ್ಲೇ ಯಾರನ್ನೋ ಮದುವೆಯಾದಳೆಂದು ಅವನೇ ಹೇಳಿದ. ಮರುವಾರ ಬೀಗದ ಕೈ ನನಗೆ ಕೊಟ್ಟು ಊರು ಬಿಟ್ಟ. ಕೊಡೆ ಬಾಗಿಲ ಬಳಿಯೇ ಇತ್ತು.

ಮೊನ್ನೆ ಪ್ಯಾಡಿಗೆ ಎರಡು ಹನಿ ನೀರು ಹಾಕಿದೆ. ಮಸಿ ಎದ್ದಿತು. ಹಾಳೆ ತೆಗೆದು ಬರೆದೆ: ಒಂದೇ ಮನೆ, ಒಂದೇ ಕೋಣೆ, ಎರಡು ವರ್ಷ, ನಾನು ಕಂಡಿದ್ದೇನೆ. ರುಜು ಹಾಕಿ ಮೊಹರು ಒತ್ತಿದೆ. ಲಕೋಟೆಯ ಮೇಲೆ ಬರೆಯಲು ಇಬ್ಬರ ವಿಳಾಸವೂ ನನ್ನಲ್ಲಿರಲಿಲ್ಲ. ಅದನ್ನು ಪ್ಯಾಡಿನ ಕೆಳಗಿಟ್ಟು ಎಂಟೂವರೆಗೆ ಕಪಾಟು ಮುಚ್ಚಿದೆ.