ಹದಿನೈದು ದಿನ ಶಾಲೆ ಸುಟ್ಟಿದೆ

ಇದನ್ನು ಹೇಳುವುದನ್ನು ನಾನು ಮೂರು ಟರ್ಮುಗಳಿಂದ ಮುಂದಕ್ಕೆ ಹಾಕುತ್ತ ಬಂದಿದ್ದೇನೆ. ನಿಜ ಹೇಳಬೇಕೆಂದರೆ ಹದಿನೈದು ವರ್ಷಗಳಿಂದ.

ನಿಪ್ಪಾಣಿಯ ನಮ್ಮ ವಯಸ್ಕರ ಕಾಲೇಜಿನಲ್ಲಿ ಈಗ ಪಾಠ ಹೇಳುವ ಮೇಡಂ ಟರ್ಮು ಮುಗಿಯುವಾಗ ನಾಲ್ಕು ಪುಟದ ಒಂದು ಸುದ್ದಿಪತ್ರ ತರುತ್ತಾರೆ. ಯಾರು ಪರೀಕ್ಷೆಗೆ ಕೂತರು, ಯಾರಿಗೆ ಮೊಮ್ಮಗು ಹುಟ್ಟಿತು, ರಜೆ ಯಾವತ್ತಿನಿಂದ, ಯಾರ ಕನ್ನಡಕ ಬೆಂಚಿನ ಮೇಲೆ ಉಳಿದಿದೆ, ಇಂಥ ಸುದ್ದಿಗಳು. ಅದರಲ್ಲಿ ಹಳಬರ ನೆನಪಿಗೆ ಒಂದು ಪುಟ ಇಟ್ಟಿದ್ದಾರೆ.

"ಕಾಕಾ, ನೀವು ಶುರುವಿನಿಂದ ಇದ್ದವರು. ಒಂದ ಪುಟ ಬರದ ಕೊಡ್ರಿ" ಎಂದು ಅವರು ಕೇಳಿದಾಗ ಮೊದಲ ಸಲ ಕಣ್ಣಿನ ಆಪರೇಶನ್ ನೆಪ ಹೇಳಿದೆ. ಎರಡನೆಯ ಸಲ ಮೊಮ್ಮಗಳ ಮದುವೆ ಇದೆ ಎಂದೆ. ಮದುವೆಯಾಗಿ ಆಗಲೇ ಎಂಟು ತಿಂಗಳಾಗಿತ್ತು. ಮೂರನೆಯ ಸಲ ಬರೆದೇ ಕೊಟ್ಟೆ. ಮೊದಲ ಬೆಂಚು ಎಲ್ಲಿಂದ ಬಂತು, ಮೊದಲ ಫ್ಯಾನು ಯಾರು ಕೊಟ್ಟರು ಎಂದೆಲ್ಲ ಬರೆದೆ. ಓದಿದವರು ವಾಟ್ಸಾಪ್ ಗುಂಪಿನಲ್ಲಿ ಕೈಮುಗಿದ ಚಿತ್ರ ಹಾಕಿ, "ಭಾಳ ಚಲೋ ಬರದೀರಿ ಸರ್" ಎಂದರು. ಅವತ್ತು ನನಗೆ ಊಟ ಸೇರಲಿಲ್ಲ. ಬರೆಯಬೇಕಾದದ್ದನ್ನು ಬಿಟ್ಟು ಫ್ಯಾನಿನ ಬಗ್ಗೆ ಬರೆದಿದ್ದೆ.

ನಮ್ಮ ಕಾಲೇಜು ಅಂದರೆ ತಂಬಾಕಿನ ಚೀಲ ಒಟ್ಟುತ್ತಿದ್ದ ಒಂದು ಹಳೆಯ ವಖಾರಿ. ಚೀಲಗಳು ಹೋಗಿ ಎಷ್ಟೋ ವರ್ಷವಾದರೂ ಬೇಸಿಗೆಯಲ್ಲಿ ಗೋಡೆಯಿಂದ ಘಾಟು ಬರುತ್ತಿತ್ತು. ಹಾಜರಿ ಕೂಗುವಾಗ ನಡುನಡುವೆ ಸೀನುವುದು ರೂಢಿಯಾಗಿತ್ತು. ಮಧ್ಯಾಹ್ನ ಮೂರರಿಂದ ಐದರವರೆಗೆ ತರಗತಿ. ಬೀಡಿ ಕಟ್ಟುವ ಹೆಂಗಸರು, ಹಮಾಲರು, ಬೋರಗಾಂವದ ಮಗ್ಗದಲ್ಲಿ ಪಾಳಿ ಮುಗಿಸಿ ಬರುವವರು ಇರುತ್ತಿದ್ದರು. ಊರವರು ಅದನ್ನು ಮುದುಕರ ಕಾಲೇಜು ಎಂದು ಕರೆಯುತ್ತಿದ್ದರು. ನಾನು ಹತ್ತನೆಯ ತರಗತಿ ಪಾಸಾದವನು. ಗಂಟೆ ಬಾರಿಸುವುದು, ಕಸ ಗುಡಿಸುವುದು, ಹಾಜರಿ ಪುಸ್ತಕ ನೋಡಿಕೊಳ್ಳುವುದು ನನ್ನ ಕೆಲಸ. ಒಂದು ವರ್ಷ ಕಲಿಸುವವರು ಕಡಿಮೆ ಬಿದ್ದಾಗ ಅಕ್ಷರ ಕಲಿಯುವ ಹೊಸಬರನ್ನು ನನಗೆ ಒಪ್ಪಿಸಿದರು. ಅವತ್ತಿನಿಂದ ಎಲ್ಲರೂ ನನ್ನನ್ನು ಸರ್ ಎಂದು ಕರೆಯತೊಡಗಿದರು. ಆ ಮಾತು ನನಗೆ ಎಷ್ಟು ರುಚಿಸಿತೆಂದರೆ, ಪೊರಕೆಯನ್ನು ಬಾಗಿಲ ಹಿಂದೆ ಯಾರಿಗೂ ಕಾಣದಂತೆ ಇಡಲು ಶುರುಮಾಡಿದೆ.

ಮರುವರ್ಷ ನನ್ನ ತರಗತಿಗೆ ಆಕೆ ಬಂದಳು. ಆಕೆ ನನ್ನ ಅಣ್ಣನ ಹೆಂಡತಿ. ಮನೆಯಲ್ಲಿ ನಾನು ಏನೆಂದು ಕರೆಯುತ್ತಿದ್ದೆ ಎಂಬುದನ್ನು ಸದ್ಯಕ್ಕೆ ಬರೆಯುವುದಿಲ್ಲ. ಕಡೆಗೆ ಧೈರ್ಯ ಬಂದರೆ ಬರೆಯುತ್ತೇನೆ.

ಆಕೆಯ ತವರು ಗಡಿಯ ಆಚೆ, ಮರಾಠಿ ಊರು. ಅಲ್ಲಿ ಎರಡನೆಯ ಇಯತ್ತೆಯವರೆಗೆ ಮರಾಠಿ ಶಾಲೆಗೆ ಹೋಗಿದ್ದಳು. ನಮ್ಮ ಮನೆಗೆ ಸೊಸೆಯಾಗಿ ಬಂದಾಗ ನಾನು ಐದನೆಯ ತರಗತಿಯಲ್ಲಿದ್ದೆ. ಅವ್ವ ತೀರಿಕೊಂಡು ವರ್ಷವಾಗಿತ್ತು. ಮೊರ ತೊಡೆಯ ಮೇಲಿಟ್ಟುಕೊಂಡು ಬೀಡಿ ಕಟ್ಟುತ್ತ ನನ್ನನ್ನು ಎದುರಿಗೆ ಕೂಡಿಸಿಕೊಂಡು ಪಾಠ ಗಟ್ಟಿಯಾಗಿ ಓದಿಸುತ್ತಿದ್ದಳು.

"ನಿಂತ್ಯಾಕೋ ತಮ್ಮಾ? ನನ್ನ ಕೈ ನಿಂತಾವೇನ? ನಿನ್ನ ಬಾಯಿ ಯಾಕ ನಿಂತಿತು?"

ತೂಕಡಿಸಿದರೆ ಚಿಟಿಕೆ ತಂಬಾಕು ಮೂಗಿನ ಕಡೆ ಹಾರಿಸುತ್ತಿದ್ದಳು. ನಾನು ಸೀನಿ ಎಚ್ಚರಾಗಿ ಮುಂದಿನ ಸಾಲು ಓದುತ್ತಿದ್ದೆ. ಕನ್ನಡದ ಒಂದಕ್ಷರ ಬರದಿದ್ದರೂ ನನ್ನ ತಪ್ಪು ಹಿಡಿಯುತ್ತಿದ್ದಳು. "ನಿನ್ನೆ ಹಿಂಗ ಓದಿದ್ದಿಲ್ಲ. ಒಂದ ಸಾಲ ಜಿಗದಿ ನೋಡ." ನಿಜವಾಗಿಯೂ ಜಿಗಿದಿರುತ್ತಿದ್ದೆ. ನಮ್ಮ ಮನೆಯಲ್ಲಿ ಹತ್ತನೆಯದು ಪಾಸಾದವನು ನಾನೊಬ್ಬನೇ. ಪಾಸು ಮಾಡಿಸಿದವಳು ಆಕೆ.

ಅರವತ್ತು ದಾಟಿದ ಮೇಲೆ ಆಕೆ ಕಲಿಯಲು ಬಂದದ್ದಕ್ಕೆ ಕಾರಣ ಬಸ್ಸು. ಅಣ್ಣ ತೀರಿಕೊಂಡಿದ್ದ. ಮಗಳನ್ನು ಅಥಣಿಯ ಆಚೆ ಐಗಳಿ ಎಂಬ ಊರಿಗೆ ಕೊಟ್ಟಿತ್ತು. ನಿಪ್ಪಾಣಿ ಸ್ಟ್ಯಾಂಡಿನಲ್ಲಿ ಎರಡೂ ರಾಜ್ಯದ ಬಸ್ಸು ನಿಲ್ಲುತ್ತವೆ. "ಮಹಾರಾಷ್ಟ್ರದ್ದ ಗಾಡಿ ಬೋರ್ಡ ಹೆಂಗರ ಕೂಡಿಸಿ ಓದತೇನಿ. ನಮ್ಮೂ ಗಾಡೀನ ನನಗ ತಿಳಿಯಾಂಗಿಲ್ಲ ನೋಡ" ಎನ್ನುತ್ತಿದ್ದಳು. ಒಮ್ಮೆ ಯಾರೋ ತೋರಿಸಿದ ಬಸ್ಸು ಹತ್ತಿ ರಾಯಬಾಗಕ್ಕೆ ಹೋಗಿ ಇಳಿದಿದ್ದಳು. ಮೊಮ್ಮಗುವಿಗೆ ಮಾಡಿಕೊಂಡು ಹೋಗಿದ್ದ ಉಂಡೆಯನ್ನು ಅಲ್ಲಿಯ ಸ್ಟ್ಯಾಂಡಿನಲ್ಲಿ ಕೂತು ತಾನೇ ತಿಂದು ತಿರುಗಿ ಬಂದು, ಅದನ್ನೇ ನಗುತ್ತ ಎಲ್ಲರಿಗೂ ಹೇಳಿದಳು. ಆದರೆ ಮರುದಿನವೇ ನನ್ನ ಹತ್ತಿರ ಬಂದು ಹೆಸರು ಬರೆದುಕೋ ಎಂದಳು.

ನಾನು ಹೆಸರು ಬರೆದುಕೊಂಡೆ. ಜೊತೆಗೆ ಒಂದು ಮಾತು ಹೇಳಿದೆ. "ಅಲ್ಲಿ ನಾವು ಒಂದ ಮನಿಯವರು ಅಂತ ಹೇಳಬ್ಯಾಡ. ಸರ್ ತಮ್ಮವರಿಗೆ ಒಂದ ಕಲಸ್ತಾರ, ನಮಗೊಂದ ಕಲಸ್ತಾರ ಅಂತಾರ." ಅದು ನೆಪ. ಬೀಡಿಯ ಬುಟ್ಟಿ ಹೊತ್ತು ಬರುವ ಹೆಂಗಸು ಸರ್ ಅವರ ಮನೆಯವಳು ಎಂದು ಗೊತ್ತಾಗುವುದು ನನಗೆ ಬೇಡವಾಗಿತ್ತು. ಆಕೆ ನನ್ನನ್ನು ಒಂದು ಗಳಿಗೆ ನೋಡಿ ನಕ್ಕಳು.

"ಆತ್ರಿ ಸರ್ರ."

ತರಗತಿಯಲ್ಲಿ ಆಕೆ ನನಗೆ ಸರ್ರ ಎಂದಳು, ಮನೆಗೆ ಬಂದರೆ ಮತ್ತೆ ತಮ್ಮಾ. ಎರಡೂ ಬೆರೆಯದಂತೆ ನೋಡಿಕೊಂಡಳು.

ನನ್ನ ಪಾಠದಲ್ಲಿ ಎರಡು ನಿಯಮಗಳಿದ್ದವು. ಒಂದು, ಆಡುವಾಗ ಐತಿ, ಬರೆಯುವಾಗ ಇದೆ. ಆಕೆ ಕೇಳಿದಳು, "ಐತಿ ಅಂದ್ರ ಎಲ್ಲಾರಿಗೂ ತಿಳಿತೈತಲ್ರಿ ಸರ್ರ, ಮತ್ತ ಏನ್ ತಪ್ಪ?"

"ತಪ್ಪ ಅಲ್ಲ. ಅದು ಬಾಯಿದು. ಇದೆ ಅನ್ನೂದು ಕಾಗದದ್ದು."

ಎರಡನೆಯ ನಿಯಮ, ಹಿಂದಿನ ಪದ ಇಕಾರದಲ್ಲಿ ಮುಗಿದರೆ ಇದೆಯನ್ನು ಬಿಡಿಸಿ ಬರೆಯಬಾರದು, ಕೂಡಿಸಬೇಕು. ಇಲ್ಲಿ, ಇದೆ: ಇಲ್ಲಿದೆ. ಎಲ್ಲಿ, ಇದೆ: ಎಲ್ಲಿದೆ. ಮುಚ್ಚಿ, ಇದೆ: ಮುಚ್ಚಿದೆ. ಇದು ಆಕೆಗೆ ಬಹಳ ಹಿಡಿಸಿತು. "ಬೀಡಿ ತುದಿ ಮಡಚಿ ಒಳಗ ತುರುಕಿದಂಗ" ಎಂದು ಪಕ್ಕದವಳಿಗೆ ಬೆರಳಿನಿಂದ ತೋರಿಸಿಕೊಟ್ಟಳು. ಇಡೀ ತರಗತಿಗೆ ಹಾಗೆಯೇ ಅರ್ಥವಾಯಿತು. ನಾನು ಹೇಳಿದಾಗ ಯಾರಿಗೂ ಆಗಿರಲಿಲ್ಲ.

ಆಗ ಅಚ್ಚಿನ ಸುದ್ದಿಪತ್ರ ಇರಲಿಲ್ಲ. ಟರ್ಮಿನ ಕೊನೆಯ ದಿನ ಗೋಡೆಗೆ ದೊಡ್ಡ ಹಾಳೆ ಅಂಟಿಸುತ್ತಿದ್ದೆವು. ಒಬ್ಬೊಬ್ಬರೂ ಒಂದು ಸಾಲು ಸುದ್ದಿ ಬರೆಯಬೇಕು, ಆಮೇಲೆ ಎದ್ದು ನಿಂತು ತಮ್ಮ ಸಾಲನ್ನು ತಾವೇ ಓದಬೇಕು. ರಜೆಯ ಸುದ್ದಿ ಯಾರು ಬರೆಯಬೇಕು ಎಂದು ಚೀಟಿ ಎತ್ತುತ್ತಿದ್ದೆವು, ಏಕೆಂದರೆ ಎಲ್ಲರೂ ಕಾಯುವ ಸುದ್ದಿ ಅದು. ಆ ವರ್ಷ ಚೀಟಿ ಆಕೆಗೆ ಬಂತು. ನಾಲ್ಕು ದಿನ ಮನೆಯಲ್ಲಿ ಕ್ಯಾಲೆಂಡರಿನ ಹಿಂದಿನ ಬಿಳಿ ಹಾಳೆಯ ಮೇಲೆ ಬರೆದು ಬರೆದು ನೋಡಿದಳು. ನಾನು ಬಗ್ಗಿದರೆ ಅಂಗೈ ಅಡ್ಡ ಇಟ್ಟು, "ಈಗ ನೋಡಬ್ಯಾಡ ತಮ್ಮಾ. ಅವತ್ತ ಎಲ್ಲಾರ ಮುಂದ ಕೇಳಂತಿ" ಎನ್ನುತ್ತಿದ್ದಳು. ಹತ್ತನೆಯದು ಮುಗಿಯುವವರೆಗೆ ದಿನವೂ ನಾನು ಓದಿದ್ದನ್ನು ಕೇಳಿದವಳು. ತನ್ನ ಓದು ನಾನು ಕೇಳಬೇಕು ಎಂಬುದೊಂದೇ ಆಗ ಆಕೆಯ ಆಸೆಯಾಗಿತ್ತು.

ಕೊನೆಯ ದಿನ ಚಿಕ್ಕೋಡಿಯಿಂದ ಒಬ್ಬ ಅತಿಥಿಯನ್ನು ಕರೆಸಿದ್ದೆವು. ಒಬ್ಬ ಹಮಾಲ ಎದ್ದು, "ನನ್ನ ಎಮ್ಮೆ ಕರು ಹಾಕಿದೆ" ಎಂದು ಓದಿ ಚಪ್ಪಾಳೆ ಗಿಟ್ಟಿಸಿದ. ಆಕೆ ಎದ್ದು ನಿಂತಳು. ಅಷ್ಟರಲ್ಲಿ ಗೋಡೆಯ ಹಾಳೆ ನೋಡುತ್ತ ಹೊರಟಿದ್ದ ಅತಿಥಿ ಆಕೆಯ ಸಾಲಿನ ಮುಂದೆ ನಿಂತು ತಾವೇ ಗಟ್ಟಿಯಾಗಿ ಓದಿಬಿಟ್ಟರು.

"ನಾಳೆಯಿಂದ ಹದಿನೈದು ದಿನ ಶಾಲೆ ಸುಟ್ಟಿದೆ. ಏನ್ರಿ ಇದು? ಯಾರು ಕಲಿಸಿದ್ದು?"

ನನಗೆ ತಕ್ಷಣ ಗೊತ್ತಾಯಿತು. ನಮ್ಮ ಕಡೆ ರಜೆಗೆ ಸೂಟಿ ಎನ್ನುತ್ತೇವೆ. ಆಕೆಯ ತವರಿನ ಮರಾಠಿ ಶಾಲೆಯಲ್ಲಿ ಅದು ಸುಟ್ಟಿ. ಬಾಯಿಯಲ್ಲಿ ಶಾಲಿ ಸುಟ್ಟಿ ಐತಿ. ಐತಿಯನ್ನು ಇದೆ ಮಾಡಿದಳು. ಇಕಾರದ ಮುಂದೆ ಇದೆ ಬಂತೆಂದು ಕೂಡಿಸಿದಳು. ನಾನು ಹೇಳಿಕೊಟ್ಟ ಎರಡು ನಿಯಮಗಳಲ್ಲಿ ಒಂದನ್ನೂ ಆಕೆ ಮೀರಿರಲಿಲ್ಲ. ಕಲಿಸಿದವನು ನಾನು, ಸಾಹೇಬರೇ, ಆಕೆ ಲೆಕ್ಕ ತಪ್ಪಿಲ್ಲ ಎಂದು ಎರಡು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಅವರೂ ನಗುತ್ತಿದ್ದರು, ಆಕೆಯೂ ನಗುತ್ತಿದ್ದಳು.

ನಾನು ಹೇಳಿದ್ದು ಬೇರೆ. "ಹದಿನೈದ ದಿನಾ ಒಂದ ಸವನ ಸುಡತೈತಂತ್ರಿ ಸಾಹೇಬ್ರ! ಯಾರರ ಬೆಂಕಿ ಆರಸೂ ಬಂಬಿನ ಗಾಡಿಗೆ ಫೋನ್ ಹಚ್ರಿ!"

ವಖಾರಿ ತುಂಬ ನಗು. ಎಮ್ಮೆಯ ಹಮಾಲ ಕೂಗಿದ, "ಬೀಡಿ ಕಿಡಿ ಬಿದ್ದಿರಬೇಕ ತಗೋರಿ!" ಇನ್ನೂ ದೊಡ್ಡ ನಗು. ಮೊದಲಿಗೆ ಆಕೆಯೂ ನಕ್ಕಳು, ಎಲ್ಲರೂ ನಗುತ್ತಿದ್ದಾರೆಂದು; ಏನೆಂದು ತಿಳಿದಿರಲಿಲ್ಲ. ನಾನು ಕೆಂಪು ಪೆನ್ನು ತೆಗೆದುಕೊಂಡು ಆಕೆಯ ಸಾಲಿಗೆ ಅಡ್ಡ ಗೆರೆ ಎಳೆದು ಮೇಲೆ ರಜೆ ಇರುತ್ತದೆ ಎಂದು ಬರೆದೆ. ಅತಿಥಿಯ ಕಡೆ ತಿರುಗಿ, "ವಯಸ್ಸಾದವರ ತಲಿಯೊಳಗ ಇಷ್ಟ ಹಿಡಿತೈತ್ರಿ" ಎಂದೆ. ಆ ಸಾಲನ್ನು ಆಕೆ ಓದಲಿಲ್ಲ. ಕೈಯಲ್ಲಿದ್ದ ಕ್ಯಾಲೆಂಡರಿನ ತುಂಡನ್ನು ಸಣ್ಣದಾಗಿ ಮಡಚಿ, ತುದಿಯನ್ನು ಒಳಗೆ ತುರುಕಿ ಕೂತಳು.

ಅವತ್ತು ಮನೆಗೆ ಹೋಗಿ ಊಟಕ್ಕೆ ಕೂತೆ. ಆಕೆ ಎಂದಿನಂತೆ ಬಡಿಸಿದಳು, ಕೋಪವೇನೂ ಕಾಣಲಿಲ್ಲ. ಬುಟ್ಟಿ ಮುಂದೆ ಹಿಡಿದು ಕೇಳಿದಳು:

"ಇನ್ನೊಂದ ರೊಟ್ಟಿ ಹಾಕ್ಲೇನ್ರಿ ಸರ್ರ?"

ತಮಾಷೆ ಎಂದುಕೊಂಡೆ. ಮರುದಿನವೂ ಸರ್ರ. ರಜೆ ಮುಗಿದರೂ ಸರ್ರ. ಇವತ್ತಿನವರೆಗೂ ಆಕೆ ನನ್ನನ್ನು ತಮ್ಮಾ ಎಂದು ಕರೆದಿಲ್ಲ.

ರಜೆಯ ನಂತರ ಆಕೆ ಕಾಲೇಜಿಗೆ ಬರಲಿಲ್ಲ. ಬೀಡಿ ಕಾರಖಾನೆಯಲ್ಲಿ ಸ್ವಲ್ಪ ದಿನ ಆಕೆಗೆ ಶಾಲಿ ಸುಟ್ಟಾಕಿ ಎಂದು ಹೆಸರಾಯಿತಂತೆ. ಹಾಜರಿಯಲ್ಲಿ ನಾನು ಮೂರು ತಿಂಗಳು ಗೈರು ಎಂದು ಬರೆದೆ. ಮುಂದಿನ ಟರ್ಮಿನ ಸುದ್ದಿಯ ಹಾಳೆಯಲ್ಲಿ, ಬಿಟ್ಟುಹೋದವರ ಸಾಲಿನಲ್ಲಿ, ಆಕೆಯ ಹೆಸರಿನ ಮುಂದೆ ಸ್ವಂತ ಕಾರಣ ಎಂದು ನನ್ನ ಕೈಯಾರೆ ಬರೆದು ಅಂಟಿಸಿದೆ. ದುಂಡಗಿನ, ಒಳ್ಳೆಯ ಅಕ್ಷರದಲ್ಲಿ.

ಕ್ಷಮೆ ಕೇಳಲು ಸಂದರ್ಭ ಸಿಗಲಿಲ್ಲ ಎಂದು ಹೇಳಿಕೊಳ್ಳುವಂತಿಲ್ಲ. ಒಂದೇ ಸೂರಿನಡಿ ಹತ್ತು ವರ್ಷ ಇದ್ದೆವು. ಐದು ವರ್ಷದ ಹಿಂದೆ ಆಕೆ ಐಗಳಿಗೆ, ಮಗಳ ಮನೆಗೆ ಹೋದಳು. ಪಿಂಚಣಿ ಕಾಗದಕ್ಕೆಂದು ವರ್ಷಕ್ಕೊಮ್ಮೆ ನಿಪ್ಪಾಣಿಗೆ ಬರುತ್ತಾಳೆ. ಹೋದ ಸಲ ನಾನೇ ಜೊತೆಗೆ ಹೋಗಿದ್ದೆ. ಮೇಜಿನ ಆಚೆ ಕೂತಿದ್ದ ಹುಡುಗಿ ಕೇಳಿದಳು, "ಆಯೀ, ಸಹಿ ಬರ್ತೈತೇನ?"

"ಇಲ್ಲವ್ವಾ. ಹೆಬ್ಬೆಟ್ಟ ಒತ್ತತೇನಿ."

ಆಕೆಗೆ ಸಹಿ ಬರುತ್ತದೆ. ಮೊದಲ ತಿಂಗಳೇ ಕಲಿತಿದ್ದಳು. ನಾನು ಅದನ್ನು ಆ ಹುಡುಗಿಗೆ ಹೇಳಲಿಲ್ಲ. ಮಸಿಯ ಡಬ್ಬಿ ಹಿಡಿದುಕೊಂಡು ನಿಂತೆ. ಆಕೆ ಹೆಬ್ಬೆರಳು ಅದ್ದುವಾಗ ನನ್ನ ಮುಖ ನೋಡಲಿಲ್ಲ.

ಆಮೇಲೆ ಸ್ಟ್ಯಾಂಡಿಗೆ ಬಂದೆವು. ಎದುರಿಗೇ ಬಸ್ಸು ನಿಂತಿತ್ತು, ಅಥಣಿ ಎಂದು ಅಂಗೈಯಷ್ಟು ದೊಡ್ಡ ಅಕ್ಷರ. "ಅಥಣಿ ಗಾಡಿ ಯಾವದೈತಿ ನೋಡ್ರಿ ಸರ್ರ" ಎಂದಳು. ನಾನು ಬಾಯಿ ತೆರೆಯುವ ಮೊದಲೇ ಆಕೆಯ ಕಾಲು ಆ ಬಸ್ಸಿನ ಕಡೆ ತಿರುಗಿತ್ತು. ಆಗ ನನಗೆ ತಿಳಿಯಿತು. ಎಲ್ಲೋ, ಯಾರ ಹತ್ತಿರವೋ, ಅಥವಾ ತಾನೇ ಒಬ್ಬಳೇ ಕೂತು ಆಕೆ ಉಳಿದದ್ದನ್ನು ಕಲಿತಿದ್ದಾಳೆ. ಓದಲು ಬರುತ್ತದೆ. ನನ್ನ ಎದುರಿಗೆ ಓದುವುದಿಲ್ಲ, ಅಷ್ಟೇ. ಸಂತೋಷಪಡಬೇಕೋ ಅಳಬೇಕೋ ತಿಳಿಯದೆ, "ಇದ ನೋಡ, ಅಥಣಿ" ಎಂದು ಬೋರ್ಡಿನ ಕಡೆ ಬೆರಳು ಮಾಡಿದೆ. ಆಕೆ ತಲೆ ಆಡಿಸಿ ಹತ್ತಿದಳು.

ಈ ಪುಟ ಅಚ್ಚಾದ ಮೇಲೆ ಒಂದು ಪ್ರತಿ ತೆಗೆದುಕೊಂಡು ಐಗಳಿಗೆ ಹೋಗುತ್ತೇನೆ. ನಾನು ಓದಿ ಹೇಳುವುದಿಲ್ಲ. ಕೈಯಲ್ಲಿ ಕೊಟ್ಟು ಎದುರಿಗೆ ಕೂಡುತ್ತೇನೆ. ಓದಿದರೆ ಓದಲಿ, ಇಲ್ಲ ಮಡಚಿ ಇಟ್ಟರೆ ಇಡಲಿ. ಎಲ್ಲಿಯಾದರೂ ತಪ್ಪು ಬರೆದಿದ್ದರೆ, ಒಂದು ಸಾಲು ಜಿಗಿದಿದ್ದರೆ, ಹಿಡಿಯಲು ಆಕೆಗೆ ಗೊತ್ತು.

ನಮ್ಮ ಕಾಲೇಜಿನಲ್ಲಿ ಟರ್ಮಿನ ಕೊನೆಗೆ ಒಬ್ಬರಿಗೆ ಒಂದೇ ಸಾಲಿನ ಸುದ್ದಿ. ನಾನು ಇಷ್ಟೆಲ್ಲ ಬರೆದಿದ್ದೇನೆ, ಮೇಡಂ ಬೇಕಾದರೆ ಉಳಿದದ್ದನ್ನು ತೆಗೆದುಹಾಕಲಿ. ನನ್ನ ಸಾಲು ಇದು: ನೀ ಬರೆದದ್ದು ಖರೆ ಇತ್ತು, ಶಾಲೆ ಸುಟ್ಟಿತ್ತು, ಬೆಂಕಿ ಹಚ್ಚಿದವನು ನಾನು. ನನ್ನದು ತಪ್ಪಾಯಿತು, ವೈನಿ.