ಮೂವತ್ತನೇ ಕಿಲೋಮೀಟರಿನಲ್ಲಿ ಬಿಟ್ಟುಬಂದವನು

ಹೊಸ ಅಗ್ರಹಾರದಿಂದ ಕೆ.ಆರ್. ನಗರ, ಅಲ್ಲಿಂದ ಮೈಸೂರು. ಮೊಮ್ಮಗಳು ಚೈತ್ರ, ನಾನು ಎರಡು ಬಸ್ಸಿನಲ್ಲೂ ಆಧಾರ್ ಕಾರ್ಡ್ ತೋರಿಸಿದೆವು, ಕಾಸು ಕೊಡಲಿಲ್ಲ. ಮೈಸೂರಿನಲ್ಲಿ ಎನ್. ಬೇಗೂರಿನ ಪ್ರದೀಪ ಜೊತೆಯಾದ. ಅವನೂ ಚೈತ್ರಳೂ ಒಂದೇ ಮೈದಾನದಲ್ಲಿ ಓಡುವವರು. ರೈಲಿನಲ್ಲಿ ಎರಡು ರಾತ್ರಿ ಕಳೆದು ದೆಹಲಿಯಲ್ಲಿ ಇಳಿದಾಗ ಚಳಿಗೆ ನನ್ನ ಹಲ್ಲು ಕಟಕಟ ಅನ್ನುತ್ತಿತ್ತು.

'ಓಡಾಕೆ ಇಂಥ ಚಳೀನೇ ಬೇಕು ಕಣಜ್ಜಿ' ಅಂದಳು ಚೈತ್ರ.

ರಸ್ತೆಯೂ ಮಟ್ಟಸವಂತೆ. ಬೇಗ ಓಡಬೇಕೆನ್ನುವವರೆಲ್ಲ ಅದಕ್ಕೇ ಅಲ್ಲಿಗೆ ಬರುತ್ತಾರೆ. ಅಲ್ಲಿನ ಮ್ಯಾರಥಾನಿನ ನಲವತ್ತೆರಡು ಕಿಲೋಮೀಟರನ್ನು ಮೂರು ಗಂಟೆಯೊಳಗೆ ಓಡಿದರೆ ಅವಳಿಗೆ ಮೈಸೂರಿನ ತರಬೇತಿ ಹಾಸ್ಟೆಲಿನಲ್ಲಿ ಜಾಗ. ಇಲ್ಲವಾದರೆ ಇಲ್ಲ.

ಅವಳ ಮುಂದೆ ಒಂದೇ ಹದದಲ್ಲಿ ಓಡಿ ಎಳೆದುಕೊಂಡು ಹೋಗುವುದು ಪ್ರದೀಪನ ಕೆಲಸ. ಅಂಥವನನ್ನು ಪೇಸರ್ ಅನ್ನುತ್ತಾರೆ. ನನಗೆ ಅವನು ಮುಯ್ಯಾಳಿನ ಹಾಗೆ ಕಂಡ. ನಮ್ಮಲ್ಲಿ ಇವತ್ತು ಅವರು ನಮ್ಮ ನಾಟಿಗೆ ಬಂದರೆ ನಾಳೆ ನಾವು ಅವರ ನಾಟಿಗೆ ಹೋಗುತ್ತೇವೆ. ಹಿಡಿದ ಗದ್ದೆ ಮುಗಿಯುವ ತನಕ ಯಾರೂ ಬದುವಿನ ಮೇಲೆ ಹೋಗಿ ಕೂರುವುದಿಲ್ಲ. ಆ ಖುಷಿಗೆ ರೈಲಿನಲ್ಲಿ ನನ್ನ ಪಾಲಿನ ಅಕ್ಕಿ ರೊಟ್ಟಿಯನ್ನೂ ಅವನಿಗೇ ಕೊಟ್ಟಿದ್ದೆ.

ಭಾನುವಾರ ಬೆಳಿಗ್ಗೆ ಮೂವತ್ತನೇ ಕಿಲೋಮೀಟರಿನ ಬೋರ್ಡಿನ ಹತ್ತಿರ, ರಸ್ತೆಯ ಅಂಚಿಗೆ ಕಟ್ಟಿದ್ದ ಹಗ್ಗ ಹಿಡಿದು ನಿಂತಿದ್ದೆ. ಇಬ್ಬರೂ ಬಂದರು. 'ಬಾ ನನ್ನವ್ವ' ಅಂತ ನಾನು ಕೂಗುತ್ತಿದ್ದ ಹಾಗೇ ಪ್ರದೀಪ ಅವಳಿಗೇನೋ ಹೇಳಿ ಪಕ್ಕಕ್ಕೆ ಸರಿದ. ಹಗ್ಗದ ಕೆಳಗೆ ನುಸುಳಿ ಆಚೆ ಬಂದ. ಅವಳೊಬ್ಬಳೇ ಓಡುತ್ತಾ ಹೋದಳು.

ನನ್ನ ಮೈಯೆಲ್ಲ ಉರಿಯಿತು. ಅವನ ತೋಳು ಹಿಡಿದು ರಸ್ತೆಯ ಕಡೆಗೆ ಎಳೆದೆ.

'ಏನ್ಲಾ, ಅರ್ಧ ಗದ್ದೇಲಿ ಬುಟ್ಬಂದ್ಯಲ್ಲ. ಓಗ್ಲಾ ಅವಳ್ ಜೊತೆ.'

'ನನ್ ಕೆಲ್ಸ ಮೂವತ್ತಕ್ಕೇ ಮುಗೀತು ಅಜ್ಜಿ. ಅಂಗೇ ಮಾತಾಗಿತ್ತು.'

'ಮುಯ್ಯಿಗೆ ಬಂದೋನು ಬದಿನ್ ಮೇಲೋಗಿ ಕೂತ್ಕತಾನಾ? ಕಾಲೇನಾರ ಮುರ್ದೋಯ್ತಾ? ಉಸ್ರು ನಿಂತೋಯ್ತಾ?'

'ನೀವು ಕೈ ಬುಟ್ರೆ ಉಸ್ರು ಬತ್ತದೆ ಕಣಜ್ಜಿ.'

ಕಾವಲಿಗೆ ನಿಂತಿದ್ದ ಹುಡುಗಿ ಹಿಂದಿಯಲ್ಲಿ ಏನೋ ಅಂದಳು. ಅವಳಿಗೂ ಬೈದೆ. ಓಟ ಮುಗಿಯುವ ಜಾಗಕ್ಕೆ ಮೆಟ್ರೋದಲ್ಲಿ ಹೋಗುವಾಗ ಉದ್ದಕ್ಕೂ ಅವನಿಗೆ ಬೈಗುಳವೇ. ಇಳಿದ ಮೇಲೆ ಟೀ ತಂದುಕೊಟ್ಟ, ಮುಟ್ಟಲಿಲ್ಲ.

ನಾವು ತಲುಪಿದಾಗ ಅಲ್ಲಿಯ ದೊಡ್ಡ ಗಡಿಯಾರದಲ್ಲಿ ಎರಡು ಗಂಟೆ ಐವತ್ತಾರು ನಿಮಿಷ. ಬರುವವರೆಲ್ಲ ಗಂಡಸರೇ. ಐವತ್ತೆಂಟಾಯಿತು. ಐವತ್ತೊಂಬತ್ತಕ್ಕೆ ಇನ್ನು ಹತ್ತು ಸೆಕೆಂಡು ಇರುವಾಗ ಚೈತ್ರ ಗೆರೆ ದಾಟಿದಳು. ಅವಳ ಕೆನ್ನೆ ಸವರಿ ನೆಟಿಗೆ ಮುರಿದೆ. ಅಳುತ್ತಲೇ ಎದುರಿಗೆ ಸಿಕ್ಕವರಿಗೆಲ್ಲ ಕನ್ನಡದಲ್ಲೇ ಹೇಳಿದೆ, ಇವಳು ನನ್ನ ಮೊಮ್ಮಗಳು ಅಂತ. ಪ್ರದೀಪನೂ ನಗುತ್ತಾ ಹತ್ತಿರ ಬಂದ. ಅವನ ಕಡೆ ತಿರುಗಲಿಲ್ಲ.

ಮಾರನೆಯ ದಿನ ವಾಪಸ್ ಬರುವ ರೈಲಿನಲ್ಲಿ ಚೈತ್ರ ಅಂದಳು, 'ಮುಂದಿನ ತಿಂಗಳು ಪ್ರದೀಪಣ್ಣನ ತಂಗಿಗೆ ನಾನು ಪೇಸರ್ ಕಣಜ್ಜಿ. ಮುಯ್ಯಿ ತೀರಿಸ್ಬೇಕಲ್ಲ.'

'ಎಲ್ಲೀಗಂಟ ಓಡ್ತೀಯೆ?'

'ಇಪ್ಪತ್ತೈದು ಕಿಲೋಮೀಟರ್.'

'ನೀನೂ ಅರ್ಧ ಗದ್ದೇಲಿ ಬುಟ್ಬತ್ತೀಯಾ' ಅಂತ ಭೋಪಾಲ್ ದಾಟುವ ತನಕ ಅವಳಿಗೂ ಬೈದೆ. ಅವಳ ಪದಕ ನನ್ನ ಮಡಿಲಲ್ಲೇ ಇತ್ತು, ಕೇಳಿದಳು, ಕೊಡಲಿಲ್ಲ.